ಕಪ್ಪುಕಲ್ಲಿನ ನೆಲದಲ್ಲಿ ಪಳೆಯುಳಿಕೆಯ ಪಾಠ

ಸೋಲಾಪುರ ಜಿಲ್ಲೆಯ ಅಕ್ಕಲಕೋಟ ತಾಲೂಕಿನ ಕನ್ನಡ ಮಾಧ್ಯಮದ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಹತ್ತನೆಯ ತರಗತಿಯಲ್ಲಿ ಜೀವವಿಕಾಸದ ಪುರಾವೆಗಳನ್ನು ಹೇಳುವಾಗ ಪಳೆಯುಳಿಕೆಗಳ ವಿಷಯ ಬರುತ್ತದೆ. ಆದರೆ ನಮ್ಮ ಸೀಮೆಯಲ್ಲಿ ಅಗೆದರೆ ಸಿಗುವುದು ಎರೆಮಣ್ಣು, ಅದರಡಿ ಗರಸು, ಅದರಡಿ ಕಪ್ಪುಕಲ್ಲು. ಲಾವಾರಸ ಆರಿ ಗಟ್ಟಿಯಾದ ಈ ಕಲ್ಲಿನೊಳಗೆ ಎಲುಬು ಚಿಪ್ಪುಗಳನ್ನು ಹುಡುಕಿ ಫಲವಿಲ್ಲ. ಈ ಕೊರತೆಯಿಂದಲೇ ಪಾಠವನ್ನು ಆರಂಭಿಸಬೇಕೆಂಬುದು ನನ್ನ ಅಭಿಪ್ರಾಯ. ಪಳೆಯುಳಿಕೆ ಎಲ್ಲಿ ಸಿಗುವುದಿಲ್ಲ, ಏಕೆ ಸಿಗುವುದಿಲ್ಲ ಎಂಬುದನ್ನು ಅರಿತ ವಿದ್ಯಾರ್ಥಿಗೆ ಸಿಕ್ಕಿದ ಪಳೆಯುಳಿಕೆಯ ಬೆಲೆ ತಾನಾಗಿ ತಿಳಿಯುತ್ತದೆ.

ಶಾಲೆ ಜೂನ್‌ನಲ್ಲಿ ತೆರೆಯುವ ಹೊತ್ತಿಗೆ ಊರಿನ ಬಾವಿಗಳಲ್ಲಿ ನೀರು ತಳ ಸೇರಿರುತ್ತದೆ. ಆಗ ಮಕ್ಕಳನ್ನು ಕಟ್ಟೆಯುಳ್ಳ ಒಂದು ಹಳೆಯ ಬಾವಿಗೆ ಕರೆದುಕೊಂಡು ಹೋಗಿ, ಮೇಲಿನಿಂದಲೇ ಗೋಡೆಯ ಪದರಗಳನ್ನು ನೋಡಿ ಚಿತ್ರ ಬರೆಯಲು ಹೇಳುತ್ತೇನೆ. ಆ ಬಾವಿಯಲ್ಲಿ ಎರಡು ಕಪ್ಪು ಪದರಗಳ ನಡುವೆ ಇಟ್ಟಂಗಿ ಬಣ್ಣದ ತೆಳುವಾದ ಒಂದು ಪಟ್ಟಿ ಇದೆ. ಕೆಳಗಿನ ಲಾವಾ ಆರಿ, ಅದರ ಮೇಲ್ಮೈ ಗಾಳಿ ಮಳೆಗೆ ಸವೆದು ಮಣ್ಣಾಗುವಷ್ಟು ಕಾಲ ಕಳೆದ ಮೇಲೆ ಮತ್ತೊಂದು ಲಾವಾ ಹರಿದು ಆ ಮಣ್ಣನ್ನು ಮುಚ್ಚಿತು ಎಂಬುದಕ್ಕೆ ಅದೇ ಸಾಕ್ಷಿ. ಇಂಥ ಬಿಡುವಿನಲ್ಲಿ ಕೆಲವೆಡೆ ಕೆರೆಗಳು ನಿಂತು, ಅವುಗಳ ಕೆಸರಿನಲ್ಲಿ ಜೀವಿಗಳು ಹುದುಗಿದವು. ಗುರುಮಠಕಲ್ ಕಡೆಯ ಅಂತಹ ಪದರಗಳಲ್ಲಿ ಪಳೆಯುಳಿಕೆಗಳು ಸಿಕ್ಕಿವೆ. ವಿಕಾರಾಬಾದ್ ಬಳಿಯ ನಸ್ಕಲ್‌ನಲ್ಲಿ ದೊರೆತ ಪುಟ್ಟ ಹಲ್ಲುಗಳಿಂದ ಜಿ.ವಿ.ಆರ್. ಪ್ರಸಾದ್ ಮತ್ತು ಅಶೋಕ್ ಸಾಹ್ನಿ ಅವರು ಡೈನೊಸಾರ್‌ಗಳ ಕಾಲದಲ್ಲಿಯೇ ಇಲ್ಲಿ ಸಸ್ತನಿಗಳಿದ್ದವೆಂದು 1988ರಲ್ಲಿ ತೋರಿಸಿದರು. ಡೈನೊಸಾರ್ ಎಂದರೆ ಕಣ್ಣರಳಿಸುವ ಮಕ್ಕಳಿಗೆ ಸಾಸಿವೆ ಗಾತ್ರದ ಹಲ್ಲಿನ ಮಹತ್ವವನ್ನು ಮನಗಾಣಿಸುವುದು ಕಷ್ಟವಾದರೂ ಅತ್ಯಗತ್ಯ.

ಒಮ್ಮೆ ವಿದ್ಯಾರ್ಥಿನಿಯೊಬ್ಬಳು ತನ್ನ ಮನೆಯ ಶಹಾಬಾದ್ ಫರಸಿಯ ತುಂಡೊಂದನ್ನು ತಂದಳು. ಅದರ ಮೇಲೆ ಜರೀಗಿಡದ ಎಲೆಯಂತೆ ಕವಲೊಡೆದ ಕಪ್ಪು ಗುರುತು ಇತ್ತು. ಭೂತಗನ್ನಡಿಯಲ್ಲಿ ನೋಡಿದಾಗ ಎಲೆಗಿರಬೇಕಾದ ನಡುನರವಾಗಲಿ ಅಂಚಾಗಲಿ ಕಾಣಲಿಲ್ಲ. ಗುರುತು ಕಲ್ಲಿನ ಬಿರುಕಿನ ಅಂಚಿನಿಂದ ಹೊರಟು ಒಳಕ್ಕೆ ಹರಡಿತ್ತು. ಬಿರುಕಿನಲ್ಲಿ ಜಿನುಗಿದ ನೀರು ಬಿಟ್ಟುಹೋದ ಮ್ಯಾಂಗನೀಸ್ ಆಕ್ಸೈಡ್ ಅದು. ಆ ಸುಣ್ಣಕಲ್ಲು ಭೂಮಿಯ ಮೇಲೆ ಗಿಡಗಳು ತಲೆಯೆತ್ತುವುದಕ್ಕೂ ಬಹಳ ಹಿಂದಿನದೆಂಬ ಮಾತು ಆಮೇಲೆ ಬಂತು. ಅವಳಿಗೆ ಬೇಸರವಾಯಿತು, ಆದರೆ ಅಂದಿನ ಚರ್ಚೆಯಷ್ಟು ಫಲ ನೀಡಿದ ತರಗತಿ ನನಗೆ ಇನ್ನೊಂದು ನೆನಪಿಲ್ಲ.

ಕಾಲಮಾಪನದ ವಿಷಯದಲ್ಲಿ ಮಕ್ಕಳಲ್ಲಿ ಬೇರೂರಿರುವ ತಪ್ಪು ತಿಳಿವಳಿಕೆಯೆಂದರೆ ಎಲ್ಲ ಪಳೆಯುಳಿಕೆಗಳ ವಯಸ್ಸನ್ನೂ ಇಂಗಾಲದಿಂದ ಅಳೆಯುತ್ತಾರೆ ಎಂಬುದು. ವಿಕಿರಣಶೀಲವಾದ ಇಂಗಾಲ-14ರ ಅರ್ಧಾಯುಷ್ಯ, ಅಂದರೆ ಅದರ ಅರ್ಧ ಪಾಲು ಕ್ಷಯಿಸಲು ಹಿಡಿಯುವ ಕಾಲ, ಸುಮಾರು 5,730 ವರ್ಷ. ಹಲಗೆಯ ಮೇಲೆ 10 ಸಲ ಅರ್ಧ ಮಾಡಿಸುತ್ತೇನೆ. 57,300 ವರ್ಷಗಳಿಗೆ 1,024ರಲ್ಲಿ ಒಂದು ಪಾಲು ಉಳಿಯುತ್ತದೆ, ಕೋಟಿ ವರ್ಷಗಳ ಮಾತು ದೂರವೇ ಉಳಿಯಿತೆಂದು ಅವರೇ ಹೇಳುತ್ತಾರೆ. ಇಲ್ಲಿ ನಮ್ಮ ಕಪ್ಪುಕಲ್ಲು ನೆರವಿಗೆ ಬರುತ್ತದೆ. ಕರಗಿದ ಲಾವಾದಿಂದ ಆರ್ಗಾನ್ ಅನಿಲ ಹೊರಟುಹೋಗುತ್ತದೆ. ಗಟ್ಟಿಯಾದ ಮೇಲೆ ಪೊಟ್ಯಾಸಿಯಂ-40ರಿಂದ ಹುಟ್ಟುವ ಆರ್ಗಾನ್ ಒಳಗೇ ಸಿಕ್ಕಿಕೊಳ್ಳುತ್ತದೆ, ಮತ್ತು ಆ ಪೊಟ್ಯಾಸಿಯಂನ ಅರ್ಧಾಯುಷ್ಯ ಸುಮಾರು 125 ಕೋಟಿ ವರ್ಷ. ದಖನ್ನಿನ ಲಾವಾ ಸುಮಾರು 6.6 ಕೋಟಿ ವರ್ಷ ಹಿಂದಿನದೆಂದು ತಿಳಿದದ್ದು ಇಂಥ ವಿಕಿರಣ ಗಡಿಯಾರಗಳಿಂದ, ಮತ್ತು ಎರಡು ಲಾವಾ ಪದರಗಳ ನಡುವೆ ಸಿಕ್ಕ ಹಲ್ಲಿನ ವಯಸ್ಸು ಆ ಎರಡರ ನಡುವೆಯೇ ಇರಬೇಕು. ಪಳೆಯುಳಿಕೆ ಕೊಡದ ಕಲ್ಲೇ ಪಳೆಯುಳಿಕೆಯ ಕಾಲ ಹೇಳುತ್ತದೆಂಬುದು ಮಕ್ಕಳಿಗೆ ಹೊಳೆದಾಗ ಅವರ ಪ್ರಶ್ನೆಗಳ ಧಾಟಿಯೇ ಬದಲಾಗುತ್ತದೆ.

ಇಷ್ಟಾದ ಮೇಲೆಯೇ ವಿಕಾಸದ ಮಾತು. ತಿಮಿಂಗಿಲದ ವಂಶದ ಪ್ರಾಣಿಗಳ ಅಸ್ಥಿಪಂಜರಗಳನ್ನು ರಟ್ಟಿನ ಮೇಲೆ ಬರೆದು, ವಯಸ್ಸನ್ನು ಮರೆಮಾಡಿ, ರೂಪದ ಆಧಾರದಿಂದ ಜೋಡಿಸಲು ಕೊಡುತ್ತೇನೆ. ಜಮ್ಮುವಿನ ಕಾಲಾಕೋಟದ ಬಳಿ ಭೂವಿಜ್ಞಾನಿ ಎ. ರಂಗರಾವ್ ಸಂಗ್ರಹಿಸಿದ್ದ ಕಲ್ಲುಗಳಲ್ಲಿದ್ದ ಇಂಡೋಹಯಸ್, ಪಾಕಿಸ್ತಾನದ ಪಾಕಿಸೀಟಸ್, ಕಚ್ಛದ ಕಚ್ಛಿಸೀಟಸ್, ಈಜಿಪ್ಟಿನಲ್ಲಿ ಹೇರಳವಾಗಿ ಸಿಕ್ಕಿರುವ, ಪುಟ್ಟ ಹಿಂಗಾಲುಗಳ ಡೊರುಡಾನ್. ಮಕ್ಕಳು ಸಾಮಾನ್ಯವಾಗಿ ಇದೇ ಸಾಲಿನಲ್ಲಿ ಇಡುತ್ತಾರೆ. ಅನಂತರ ರಟ್ಟು ತಿರುಗಿಸಿದರೆ ಒಂದು ತೊಡಕು ಕಾಣುತ್ತದೆ: ನೆಲದ ಪ್ರಾಣಿಯಂತಿರುವ ಇಂಡೋಹಯಸ್ ಸುಮಾರು 4.8 ಕೋಟಿ ವರ್ಷದ್ದು, ಪಾಕಿಸೀಟಸ್ ಅದಕ್ಕಿಂತ ತುಸು ಹಳೆಯದು. ಮೊಮ್ಮಗನ ನಂತರ ಅಜ್ಜ ಹುಟ್ಟುವುದು ಹೇಗೆ? ನಾನು ಉತ್ತರ ಹೇಳದೆ ಕಾಯುತ್ತೇನೆ. ಹೊಲದ ಪಾಲುಪಟ್ಟಿಯ ಮಾತು ಮನೆಯಲ್ಲಿ ಕೇಳಿ ಬೆಳೆದ ಹುಡುಗನೊಬ್ಬ, ಇಂಡೋಹಯಸ್ ಅಜ್ಜನಾಗಿರಬೇಕಿಲ್ಲ, ದಾಯಾದಿಯಾಗಿರಬಹುದು ಎಂದ. ವಿಜ್ಞಾನಿಗಳ ನಿರ್ಣಯವೂ ಅದೇ. 2007ರಲ್ಲಿ ಥ್ಯೂವಿಸನ್ ಮತ್ತು ಸಂಗಡಿಗರು ಅದರ ಕಿವಿಯ ಮೂಳೆಯ ಒಳಗೋಡೆ ತಿಮಿಂಗಿಲಗಳಲ್ಲಿರುವಂತೆ ದಪ್ಪವಾಗಿದೆಯೆಂದು ತೋರಿಸಿ, ತಿಮಿಂಗಿಲಗಳ ಅತಿ ಹತ್ತಿರದ ನೆಲವಾಸಿ ಬಂಧುಗಳ ಗುಂಪಿಗೆ ಅದನ್ನು ಸೇರಿಸಿದರು. ವಿಕಾಸವನ್ನು ಏಣಿಯ ಮೆಟ್ಟಿಲುಗಳಂತೆ ಬರೆದ ಚಿತ್ರಗಳನ್ನು ನಾನು ತರಗತಿಯ ಗೋಡೆಗೆ ಹಚ್ಚುವುದಿಲ್ಲ. ಕವಲುಗಳನ್ನು ಮಕ್ಕಳೇ ಬರೆಯಲಿ, ವಯಸ್ಸನ್ನು ಬದಿಯಲ್ಲಿ ನಮೂದಿಸಲಿ ಎಂದು ಹೇಳುತ್ತೇನೆ.

ಘಟಕ ಪರೀಕ್ಷೆಯಲ್ಲಿ ಈಗ ವ್ಯಾಖ್ಯೆಯ ಪ್ರಶ್ನೆಯನ್ನು ಕೈಬಿಟ್ಟಿದ್ದೇನೆ. ಬಾವಿಯ ಪದರಗಳ ಚಿತ್ರ ಕೊಟ್ಟು, ಯಾವ ಪದರದಲ್ಲಿ ಹುಡುಕುವಿರಿ, ಅದರ ವಯಸ್ಸನ್ನು ಯಾವುದರಿಂದ ತಿಳಿಯುವಿರಿ ಎಂದು ಕೇಳುತ್ತೇನೆ, ಮತ್ತು ಕಾರಣ ಬರೆಯಲು ಅರ್ಧ ಪುಟ ಖಾಲಿ ಬಿಡುತ್ತೇನೆ.