ಹೋಗುವಾಗ ಮಂಡಕ್ಕಿ, ಬರುವಾಗ ಈರುಳ್ಳಿ

ಆನಗೋಡು ಹತ್ತಿರ ನಮ್ಮದು ಮೂರು ಎಕರೆ ಮೆಕ್ಕೆಜೋಳ. ಪ್ರತಿ ವರ್ಷ ದಾವಣಗೆರೆ ಎಪಿಎಂಸಿಗೆ ಜೋಳ ಸಾಗಿಸೋಕೆ ಗಾಡಿಯವರ ಹಿಂದೆ ಓಡಾಡಿ ಸಾಕಾಗಿ, ಒಂದು ಸೆಕೆಂಡ್ ಹ್ಯಾಂಡ್ ಬೊಲೆರೊ ಪಿಕಪ್ ತಗೊಂಡೆ. ಆದರೆ ಜೋಳ ಹೊಡೆಯೋದು ವರ್ಷಕ್ಕೆ ನಾಲ್ಕೈದು ದಿನ. ಮಿಕ್ಕ ದಿನವೆಲ್ಲ ಗಾಡಿ ಬೇವಿನ ಮರದ ಕೆಳಗೆ, ಅದರ ಅಡಿಯಲ್ಲಿ ಕೋಳಿ ಮೊಟ್ಟೆ ಇಡುತ್ತಿದ್ದವು. ಕಂತು ಮಾತ್ರ ತಪ್ಪದೆ ಬರುತ್ತಿತ್ತು.

ಹಾಗಾಗಿ ಬಾಡಿಗೆಗೆ ಇಳಿದೆ. ಮೊದಲ ಎರಡು ತಿಂಗಳು ಬರೀ ದುಡಿಮೆ, ದುಡ್ಡಿಲ್ಲ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗಿ ಬಂದರೆ ಹೆಚ್ಚುಕಮ್ಮಿ 120 ಕಿಲೋಮೀಟರ್. ನನ್ನ ಗಾಡಿ ಲೀಟರಿಗೆ 12 ಕೊಡುತ್ತೆ, ಅಂದರೆ 10 ಲೀಟರ್ ಡೀಸೆಲ್, 900 ರೂಪಾಯಿ ಅಲ್ಲೇ ಹೋಯಿತು. ಮೇಲೆ ಟೋಲ್, ಚಹಾ, ಊಟ. ಹೋಗುವಾಗ ಸಿಕ್ಕ ಬಾಡಿಗೆಯನ್ನ ಖಾಲಿ ಗಾಡಿ ವಾಪಸ್ ಬರುತ್ತಾ ತಿಂದು ಹಾಕುತ್ತಿತ್ತು. ಇದು ಗೊತ್ತಾಗಿದ್ದು ನನ್ನ ಹೆಂಡತಿ ಒಂದು ರಾತ್ರಿ ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದಾಗ. ನಾನು ಜೇಬು ಮುಟ್ಟಿ ನೋಡಿ ಲಾಭ ಅಂದುಕೊಂಡಿದ್ದೆ.

ಕೈ ಹಿಡಿದಿದ್ದು ಮಂಡಕ್ಕಿ. ದಾವಣಗೆರೆಯ ಮಂಡಕ್ಕಿ ಹುರಿಯೋ ಭಟ್ಟಿಗಳಿಂದ ಚಿತ್ರದುರ್ಗದ ಅಂಗಡಿಗಳಿಗೆ. ಚೀಲ ಒಂದೇ ಕೈಯಲ್ಲಿ ಎತ್ತಬಹುದು, ಗಾಡಿಗೆ ಭಾರವೇ ಇಲ್ಲ, ಟೈರು ಸವೆಯೋದು ಕಮ್ಮಿ. ಸುಲಭ ಅಲ್ವಾ ಅಂದುಕೊಂಡೆ. ಕ್ಯಾಬಿನ್ನಿಗಿಂತ ಎತ್ತರ ಪೇರಿಸಿ, ಹಗ್ಗ ಬಿಗಿದು, ಆಷಾಢದಲ್ಲಿ ಹೊರಟೆ. ಭರಮಸಾಗರ ದಾಟಿ ಚಿತ್ರದುರ್ಗ ಹತ್ತಿರ ಬಂದಂತೆ ಗುಡ್ಡದ ಮೇಲೆ ಗಾಳಿಯಂತ್ರ ಸಾಲಾಗಿ ಕಾಣುತ್ತವಲ್ಲ, ಅವನ್ನ ಅಲ್ಲಿ ಸುಮ್ನೆ ನಿಲ್ಲಿಸಿಲ್ಲ ಅಂತ ಅವತ್ತು ಅರ್ಥವಾಯಿತು. ಒಂದು ಲಾರಿಯನ್ನ ಓವರ್‌ಟೇಕ್ ಮಾಡಿ ಅದರ ಮರೆಯಿಂದ ಆಚೆ ಬಂದೆ ನೋಡಿ, ಪಕ್ಕದಿಂದ ಯಾರೋ ತಳ್ಳಿದ ಹಾಗೆ ಗಾಡಿ ಅರ್ಧ ಲೇನ್ ಸರಿಯಿತು. ಅವತ್ತಿನಿಂದ ಮಂಡಕ್ಕಿ ಇದ್ದರೆ 50ರ ಮೇಲೆ ಹೋಗಲ್ಲ, ಎರಡು ಸಾಲು ಕಮ್ಮಿ ಹಾಕಿಸುತ್ತೇನೆ. ಭಟ್ಟಿಯ ಹಮಾಲಿ ಅಣ್ಣ ನಗುತ್ತಾನೆ, "ಮಂಡಕ್ಕಿಗೆ ಹೆದ್ರೋ ಡ್ರೈವರ್ ನೀನೊಬ್ನೇ ನೋಡಪ್ಪ" ಅಂತ. ನಗಲಿ.

ಇನ್ನೊಂದು ಪಾಠ ತಾಡಪಾಲಿನದು. ಬೆರಳು ತೂರುವಷ್ಟು ತೂತಿತ್ತು, ಒಂದೇ ಮಳೆಗೆ ಮೂರು ಚೀಲ ಮೆತ್ತಗಾಯಿತು. ಮೆತ್ತಗಾದ ಮಂಡಕ್ಕಿಯನ್ನ ಯಾರು ತಗೋತಾರೆ? ದುಡ್ಡು ನಾನೇ ಕಟ್ಟಿದೆ. ನಾಲ್ಕು ದಿನ ಮನೆಯಲ್ಲಿ ಬೆಳಗ್ಗೆ ಸಂಜೆ ಮಂಡಕ್ಕಿ ಒಗ್ಗರಣೆ.

ವಾಪಸ್ ಬರುವಾಗ ಈರುಳ್ಳಿ. ಇದಕ್ಕೆ ಭರಮಸಾಗರದ ಸುತ್ತಮುತ್ತ ಗೊಬ್ಬರದ ಅಂಗಡಿಗಳಲ್ಲಿ ನನ್ನ ನಂಬರ್ ಬರೆದಿಟ್ಟು ಬಂದಿದ್ದೆ. ದಾವಣಗೆರೆ ಮಾರುಕಟ್ಟೆಗೆ ಕಳಿಸೋ ರೈತರು ಹಿಂದಿನ ರಾತ್ರಿಯೇ ಫೋನ್ ಮಾಡುತ್ತಾರೆ. ಹೇಗೂ ಬರೋ ದಾರಿ, ಹಾಗಾಗಿ ನಾನೂ ಸ್ವಲ್ಪ ಕಮ್ಮಿ ಕೇಳುತ್ತೇನೆ. ಈರುಳ್ಳಿಗೆ ತಾಡಪಾಲು ಬಿಗಿಯಾಗಿ ಹೊದಿಸಬಾರದು, ಬೆವತು ಕೊಳೆಯುತ್ತೆ. 24 ಗಂಟೆಯೊಳಗೆ ವಾಪಸ್ ಬಂದರೆ ಹೋಗಿ ಬರೋ ಟೋಲ್ ಸೇರಿ ಒಂದು ಸಲದ ಟೋಲಿನ ಒಂದೂವರೆ ಪಟ್ಟು ಅಷ್ಟೇ, ಅದೂ ಒಂದು ಉಳಿತಾಯ. ಈಗ ಸೀಸನ್ನಿನಲ್ಲಿ ಕಂತು ಕಳೆದು ತಿಂಗಳಿಗೆ ಎಂಟು ಒಂಬತ್ತು ಸಾವಿರ ಉಳಿಯುತ್ತೆ. ಬೇಸಿಗೆಯಲ್ಲಿ ಮನೆ ಶಿಫ್ಟಿಂಗ್ ಸಿಗುತ್ತೆ, ಆದರೆ ಬೀರು ಕನ್ನಡಿ ಒಡೆದರೆ ಅವತ್ತಿನ ಬಾಡಿಗೆ ಹೋಯಿತು ಅಂತಲೇ ತಿಳ್ಕೊಳ್ಳಿ.

ಕಾಗದ ಪತ್ರದಲ್ಲಿ ಉಡಾಫೆ ಬೇಡ. ಬಾಡಿಗೆ ಹೊಡೆಯೋದಾದರೆ ಹಳದಿ ಬೋರ್ಡೇ ಬೇಕು. ಲೋಡ್ ಸೇರಿ ಗಾಡಿ ತೂಕ ಆರ್‌ಸಿಯಲ್ಲಿ 3,000 ಕೆಜಿ ಒಳಗಿದ್ದರೆ ಪರ್ಮಿಟ್ ಬೇಡ. ಕಾರಿನ ಎಲ್‌ಎಂವಿ ಲೈಸೆನ್ಸ್ ಸಾಕು, 7,500 ಕೆಜಿವರೆಗಿನ ಗಾಡಿಗೆ ಅದೇ ನಡೆಯುತ್ತೆ ಅಂತ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನನ್ನ ಗಾಡಿಗೆ ಎಂಟು ವರ್ಷ ದಾಟಿದೆ, ಹಾಗಾಗಿ ಎಫ್‌ಸಿ, ಅಂದರೆ ಗಾಡಿಯ ಫಿಟ್ನೆಸ್ ಸರ್ಟಿಫಿಕೇಟ್, ವರ್ಷ ವರ್ಷ ಮಾಡಿಸಬೇಕು.

ಹಿಂದೆ ಜನ ಕೂರಿಸೋದಂತೂ ಬೇಡವೇ ಬೇಡ. ಏನಾದರೂ ಆದರೆ ಇನ್ಶೂರೆನ್ಸ್ ನಂಬಿ ಕೂರೋ ಹಾಗಿಲ್ಲ. ನಮ್ಮ ಸೋದರಮಾವ ಮದುವೆಗೆ 20 ಜನ ಹಿಂದೆ ಕೂತು ಬರ್ತೀವಿ ಅಂದರು, ಆಗಲ್ಲ ಮಾವ ಅಂದೆ. ಒಂದು ವರ್ಷ ಮಾತು ಬಿಟ್ಟರು. ಮೊನ್ನೆ ಅವರದೇ ಫೋನ್: "ಇಪ್ಪತ್ತು ಚೀಲ ಉಳ್ಳಾಗಡ್ಡಿ ಐತೆ, ವಾಪಸ್ ಬರೋವಾಗ ಹಾಕ್ಕೊಂಡು ಹೋಗ್ತೀಯೇನೋ?"