ಎತ್ತಿ ಕುಡಿದರೆ ಬರೀ ಬಿಸಿನೀರು

ನಮ್ಮದು ಮೈಸೂರಿನ ಕಾಫಿ ಮನೆ. ಬೆಳಿಗ್ಗೆ ಫಿಲ್ಟರ್‌ನಲ್ಲಿ ಡಿಕಾಕ್ಷನ್ ಇಳಿಯುವ ತನಕ ಅಪ್ಪ ಪೇಪರ್ ಕೂಡ ಬಿಡಿಸುವುದಿಲ್ಲ. ಇಂಥ ಮನೆಗೆ ಕೆಲವು ವರ್ಷಗಳ ಹಿಂದೆ ತಂಗಿ ಒಂದು ಪ್ಯಾಕೆಟ್ ತಂದಳು. ಪೀಚ್ ಹಣ್ಣಿನ ಪರಿಮಳದ ಗ್ರೀನ್ ಟೀ. ಪುಡಿಯಲ್ಲ, ಟೀ ಬ್ಯಾಗೂ ಅಲ್ಲ, ಬಿಡಿ ಎಲೆ. ಕತ್ತರಿ ಹಾಕಿದ್ದೇ ತಡ, ಅಡುಗೆಮನೆ ತುಂಬಾ ಹಣ್ಣಿನ ಘಮ. ಒಳಗೆ ಸುರುಳಿ ಸುತ್ತಿಕೊಂಡ ಹಸಿರು ಎಲೆ, ಒಣಗಿದ ಸೇಬಿನ ಚೂರು, ನಡುನಡುವೆ ಕೆಂಪು ಎಸಳು. ಅಮ್ಮ ಬಗ್ಗಿ ನೋಡಿ, "ಇದೇನೇ, ದೇವರಮನೆ ನಿರ್ಮಾಲ್ಯ ಒಣಗಿಸಿ ಕಟ್ಟಿದ ಹಾಗಿದೆ" ಎಂದರು.

ಹಾಗೆ ಅಂದವರೇ ಅದನ್ನು ಐದು ನಿಮಿಷ ಕುದಿಸಿ, ಸಕ್ಕರೆ ಹಾಕಿ, ಹಾಲು ಹುಯ್ದರು. ಹಾಲು ಒಡೆದು ಪನೀರಾಯಿತು. ಅದು ಆ ಕೆಂಪು ಎಸಳಿನ ಕೆಲಸ. ಹಣ್ಣಿನ ಟೀಗಳಲ್ಲಿ ಹಿಬಿಸ್ಕಸ್ ಎಂದು ಹಾಕುವುದು ನಮ್ಮ ಅಂಗಳದ ದಾಸವಾಳವಲ್ಲ, ಪುಂಡಿಸೊಪ್ಪಿನ ಬಳಗದ ಗಿಡದ್ದು. ಉತ್ತರ ಕರ್ನಾಟಕದ ಕಡೆ ಪುಂಡಿಪಲ್ಯ ತಿಂದವರಿಗೆ ಅದರ ಹುಳಿ ಎಂಥದ್ದು ಅಂತ ಹೇಳಬೇಕಾಗಿಲ್ಲ.

ಮಾರನೇ ದಿನ ನಾನು ಹಾಲಿಲ್ಲದೆ ಮಾಡಿದೆ. ಕುದಿಯುವ ನೀರು ಸುರಿದು, ಚೆನ್ನಾಗಿ ಇಳಿಯಲಿ ಅಂತ ಹತ್ತು ನಿಮಿಷ ಮುಚ್ಚಿಟ್ಟೆ. ಮೂಗಿಗೆ ಪೀಚ್, ಬಾಯಿಗೆ ಬೇವು. ಅಪ್ಪನಿಗೂ ಒಂದು ಲೋಟ ಕೊಟ್ಟೆ. ಅವರು ಎಂದಿನಂತೆ ಲೋಟ ಎತ್ತಿ ಗಂಟಲಿಗೆ ಸುರಿದುಕೊಂಡು, "ಕಹಿ ಬಿಸಿನೀರು" ಎಂದು ತೀರ್ಪು ಕೊಟ್ಟು ಎದ್ದು ಹೋದರು. ಪ್ಯಾಕೆಟ್ ಮೂಲೆ ಸೇರಿತು.

ಅದನ್ನು ಮತ್ತೆ ಹೊರಗೆ ತೆಗೆದದ್ದು ನೀಲಗಿರಿ ಬೆಟ್ಟದ ಕೂನೂರಿಗೆ ಹೋಗಿ ಬಂದ ಮೇಲೆ. ಅಲ್ಲಿ ಒಂದು ಅಂಗಡಿಯಲ್ಲಿ ಗ್ರೀನ್ ಟೀ ಮಾಡಿಕೊಟ್ಟವರು ನೀರು ಕುದಿಸಿ, ಕೆಳಗಿಳಿಸಿ, ಸುಮ್ನೆ ಮಾತಾಡುತ್ತಾ ನಿಂತರು. ಎಲೆ ಮರೆತೇ ಬಿಟ್ಟರೇನೋ ಅಂದುಕೊಂಡೆ. ಮರೆತಿರಲಿಲ್ಲ, ನೀರು ಆರಲಿ ಅಂತ ಕಾಯುತ್ತಿದ್ದರು.

ಬದನೆಕಾಯಿ ಹೆಚ್ಚಿಟ್ಟರೆ ಕಪ್ಪಾಗುತ್ತದಲ್ಲ, ಟೀ ಎಲೆ ಕಿತ್ತು ಹೊಸಕಿದರೂ ಹಾಗೇ ಬಣ್ಣ ತಿರುಗುತ್ತದೆ. ಹಾಗೆ ಪೂರ್ತಿ ತಿರುಗಲು ಬಿಟ್ಟರೆ ನಮ್ಮ ಮಾಮೂಲಿ ಟೀ. ಗ್ರೀನ್ ಟೀಗೆ ಎಲೆ ಕಿತ್ತ ಕೆಲವೇ ಗಂಟೆಗಳಲ್ಲಿ ಬಿಸಿ ತಾಗಿಸಿ ಅದನ್ನು ತಡೆಯುತ್ತಾರೆ. ಚೀನಾದಲ್ಲಿ ಹೆಚ್ಚಾಗಿ ಬಾಣಲೆಯಲ್ಲಿ ಹುರಿಯುತ್ತಾರೆ, ಜಪಾನಿನಲ್ಲಿ ಹಬೆಯಲ್ಲಿ ಬೇಯಿಸುತ್ತಾರೆ. ಹಾಗಾಗಿ ಎಲೆಯ ಒಗರೆಲ್ಲ ಅದರಲ್ಲೇ ಉಳಿದಿರುತ್ತದೆ. ನೀರು ಬಿಸಿಯಾದಷ್ಟೂ ಆ ಕಹಿ, ಒಗರು ಕೊಡುವ ಕ್ಯಾಟೆಚಿನ್‌ಗಳು ಜಾಸ್ತಿ ಇಳಿಯುತ್ತವೆ. ನಾಲಿಗೆಗೆ ನಯವೆನಿಸುವ ಥಿಯಾನಿನ್ ಮಾತ್ರ ಕಮ್ಮಿ ಬಿಸಿಯಲ್ಲೂ ಬರುತ್ತದೆ. ಅಂದರೆ ನಾನು ಮಾಡಿದ್ದೆಲ್ಲ ತಿರುಗುಮುರುಗಾಗಿತ್ತು.

ಥರ್ಮಾಮೀಟರ್ ಕೊಳ್ಳಲು ಮನಸ್ಸಾಗಲಿಲ್ಲ. ಮೈಸೂರಿನ ಎತ್ತರದಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ. ಮೂರು ಲೋಟ ಕುದಿಯುವ ನೀರಿಗೆ ಒಂದು ಲೋಟ ಹೂಜಿಯ ನೀರು ಬೆರೆಸಿದರೆ ಗ್ರೀನ್ ಟೀಗೆ ಬೇಕಾದ 80ರ ಹತ್ತಿರ ಬಂದು ನಿಲ್ಲುತ್ತದೆ. ನನ್ನ ಲೆಕ್ಕ ಇಷ್ಟೇ. ಒಂದು ಕಪ್ಪಿಗೆ, ಅಂದರೆ 200 ಮಿಲಿಗೆ, 2 ಗ್ರಾಂ ಎಲೆ. ಎರಡು ನಿಮಿಷ, ಹೆಚ್ಚೆಂದರೆ ಎರಡೂವರೆ. ಆಮೇಲೆ ಒಂದು ಹನಿಯೂ ಉಳಿಯದ ಹಾಗೆ ಸೋಸಿಬಿಡುತ್ತೇನೆ. ಎಲೆ ನೀರಲ್ಲಿ ಕೂತಿದ್ದರೆ ಕಹಿ ಬಿಡುತ್ತಲೇ ಇರುತ್ತದೆ. ಅದೇ ಎಲೆಗೆ ಇನ್ನೊಂದು ಸಲ ನೀರು ಹಾಕಬಹುದು, ಆದರೆ ಹಣ್ಣಿನ ಘಮ ಮೊದಲ ಸಲವೇ ಮುಕ್ಕಾಲು ಹೋಗಿರುತ್ತದೆ. ಎಲೆ ತುಂಬಿ ನೀರಲ್ಲಿ ಅದ್ದುವ, ಸರಪಳಿಗೆ ನೇತಾಡುವ ಆ ಪುಟ್ಟ ತೂತಿನ ಗುಂಡು ಮಾತ್ರ ಬೇಡ. ಅದರಲ್ಲಿ ಎಲೆಗೆ ಬಿಚ್ಚಿಕೊಳ್ಳಲು ಜಾಗವೇ ಇರುವುದಿಲ್ಲ.

ಹೀಗೆ ಮಾಡಿದ ಟೀಯನ್ನು ಅಪ್ಪನಿಗೆ ಮತ್ತೆ ಕೊಟ್ಟೆ. ಮತ್ತೆ ಎತ್ತಿ ಕುಡಿದರು. "ಕಹಿ ಹೋಗಿದೆ. ಈಗ ಬರೀ ಬಿಸಿನೀರು." ಆಗಲೇ ನನಗೆ ಹೊಳೆದದ್ದು. ಈ ಟೀಯಲ್ಲಿ ಹಣ್ಣು ಇರುವುದು ಮೂಗಿಗೆ, ನಾಲಿಗೆಗೆ ಅಲ್ಲ. ಸೇಬಿನ ಚೂರು ಹೆಚ್ಚಾಗಿ ನೋಡಲು ಚೆಂದ ಅಂತ. ಘಮ ಬರುವುದು ಎಲೆಗೆ ಸವರಿದ ಫ್ಲೇವರ್‌ನಿಂದ. ಸಿಹಿಯಂತೂ ಇಲ್ಲವೇ ಇಲ್ಲ. ಲೋಟ ಗೇಣುದ್ದ ಮೇಲೆ ಹಿಡಿದು ಸುರಿದುಕೊಂಡರೆ ಹಬೆ ಮೂಗಿಗೆ ಸಿಗುವುದು ಹೇಗೆ? "ಅಪ್ಪ, ಇದನ್ನ ಕಚ್ಚಿಕೊಂಡು ಕುಡೀಬೇಕು" ಎಂದೆ. "ಎಂಜಲು ಮಾಡ್ಕೊಂಡು ಕುಡಿಯೋ ದರ್ದು ನನಗಿಲ್ಲ" ಎಂದರು. ಅವರಿಗೆಂದೇ ಬಾಯಗಲದ ಬಿಳಿ ಕಪ್ ತಂದೆ. ಅದನ್ನು ಎತ್ತಿ ಕುಡಿದರೆ ಅಂಗಿ ಮೇಲೆ ಬೀಳುತ್ತದೆ. ಬೇರೆ ದಾರಿ ಇರಲಿಲ್ಲ.

ಪ್ಯಾಕೆಟ್ ಖಾಲಿಯಾದ ಮೇಲೆ ನಾನೇ ಮಾಡೋಣ ಅನಿಸಿತು. ಚೀನಾದ ಫುಝೌನಲ್ಲಿ ಗ್ರೀನ್ ಟೀ ಎಲೆಯ ಜೊತೆ ಮಲ್ಲಿಗೆ ಮೊಗ್ಗು ಬೆರೆಸಿ ರಾತ್ರಿಯಿಡೀ ಬಿಡುತ್ತಾರೆ. ಹೂ ಅರಳುತ್ತಾ ಬಿಡುವ ಪರಿಮಳವನ್ನು ಎಲೆ ಹೀರಿಕೊಳ್ಳುತ್ತದೆ. ಮಲ್ಲಿಗೆಗೆ ಆಗುವುದು ಹಣ್ಣಿಗೆ ಯಾಕಾಗಬಾರದು? ಮೊದಲು ಮಾವಿನಹಣ್ಣಿನ ಹೋಳು ಹಾಕಿದೆ. ಮೂರನೇ ದಿನಕ್ಕೆ ಬೂಷ್ಟು. ಹಸಿ ಹಣ್ಣಿನ ತೇವ ಎಲೆಗೆ ಶತ್ರು, ಅಷ್ಟೇ ಕಲಿತದ್ದು.

ಕಿತ್ತಳೆ ಸಿಪ್ಪೆ ಕೈ ಹಿಡಿಯಿತು. ಚಳಿಗಾಲದಲ್ಲಿ ಕೊಡಗಿನ ಕಿತ್ತಳೆ ಸಿಕ್ಕರೆ ಅದು, ಇಲ್ಲದಿದ್ದರೆ ನಾಗಪುರದ್ದು. ಹಣ್ಣನ್ನು ಉಗುರುಬೆಚ್ಚಗಿನ ನೀರಲ್ಲಿ ಉಜ್ಜಿ ತೊಳೆದು, ಒರೆಸಿ, ಸುಲಿಯುತ್ತೇನೆ. ಒಳಗಿನ ಬಿಳಿ ನಾರನ್ನು ಚಮಚದ ಅಂಚಿನಿಂದ ಕೆರೆದು ತೆಗೆಯಬೇಕು, ಕಹಿ ಇರುವುದು ಅದರಲ್ಲೇ. ಬೇಜಾರಿನ ಕೆಲಸ, ಉಗುರೆಲ್ಲ ಹಳದಿ. ಸಿಪ್ಪೆಯನ್ನು ಬಗ್ಗಿಸಿದಾಗ ಸಣ್ಣಗೆ ಚಿಮ್ಮಿ ಕಣ್ಣು ಉರಿಸುತ್ತದಲ್ಲ, ಆ ಎಣ್ಣೆಯೇ ನಮಗೆ ಬೇಕಾದ ಘಮ. ಬಿಸಿಲಿಗೆ ಹಾಕಿದರೆ ಅದು ಹಾರಿಹೋಗುತ್ತದೆ. ಅದಕ್ಕೇ ನೆರಳಲ್ಲಿ, ಫ್ಯಾನ್ ಕೆಳಗೆ, ನಾಲ್ಕೈದು ದಿನ. ಮುರಿದರೆ ಹಪ್ಪಳದ ಹಾಗೆ ಪಟ್ ಅನ್ನಬೇಕು. 50 ಗ್ರಾಂ ನೀಲಗಿರಿ ಬೆಟ್ಟದ ಗ್ರೀನ್ ಟೀ ಎಲೆಗೆ ಸಣ್ಣಗೆ ಮುರಿದ 5 ಗ್ರಾಂ ಸಿಪ್ಪೆ ಬೆರೆಸಿ, ಗಾಜಿನ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿ ಒಂದು ವಾರ ಕತ್ತಲಲ್ಲಿ ಇಡುತ್ತೇನೆ.

ಗಾಜಿನ ಬಾಟಲಿ ಅಂತ ಒತ್ತಿ ಹೇಳುವುದಕ್ಕೆ ಕಾರಣವಿದೆ. ಮೊದಲ ಸಲ ತೊಳೆದಿಟ್ಟ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿದ್ದೆ. ಅದು ಸಾರಿನಪುಡಿ ಡಬ್ಬಿ. ಟೀ ಎಲೆ ಕಿತ್ತಳೆಗಿಂತ ಮೊದಲು ಇಂಗನ್ನು ಹೀರಿಕೊಂಡಿತು. ದುಡ್ಡು ಕೊಟ್ಟು ತಂದ ಎಲೆ, ಬಿಸಾಕಲು ಮನಸ್ಸು ಬರದೆ ನಾಲ್ಕು ದಿನ ಕಿತ್ತಳೆ ಸಾರು ಕುಡಿದೆ.

ಬೇಸಿಗೆಯಲ್ಲಿ ಒಲೆ ಹಚ್ಚುವುದೇ ಇಲ್ಲ. ರಾತ್ರಿ ಒಂದು ಲೀಟರ್ ತಣ್ಣೀರಿಗೆ 8 ಗ್ರಾಂ ಮಿಶ್ರಣ ಹಾಕಿ ಫ್ರಿಜ್‌ನಲ್ಲಿಟ್ಟು, ಬೆಳಿಗ್ಗೆ ಸೋಸುತ್ತೇನೆ. ಕಹಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಸಕ್ಕರೆ ಹಾಕದೆಯೂ ಎಲ್ಲೋ ಸಿಹಿ ಇದ್ದ ಹಾಗೆ ಅನಿಸುತ್ತದೆ. ಅವತ್ತೇ ಕುಡಿದು ಮುಗಿಸಬೇಕು. ಊಟದ ಜೊತೆ ಮಾತ್ರ ಕುಡಿಯುವುದಿಲ್ಲ. ಸೊಪ್ಪುಸದೆಯಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತುವುದನ್ನು ಟೀ ತಡೆಯುತ್ತದೆ. ಅದೂ ಅಲ್ಲದೆ ಖಾರದ ಕೋಡುಬಳೆ ಕಚ್ಚಿದ ಬಾಯಿಗೆ ಈ ನವಿರು ಘಮ ಎಲ್ಲಿ ಗೊತ್ತಾಗುತ್ತೆ?

ಅಪ್ಪ ಈಗಲೂ ಬೆಳಿಗ್ಗೆ ಕಾಫಿಯವರೇ. ಆದರೆ ಹೋದ ಜನವರಿಯಲ್ಲಿ ಒಂದು ಮಧ್ಯಾಹ್ನ ಆಫೀಸಿಂದ ಬೇಗ ಬಂದು ನೋಡಿದರೆ, ಹಾಲ್‌ನಲ್ಲಿ ಪೇಪರ್ ಹಾಸಿ, ಅದರ ಮೇಲೆ ನಾಲ್ಕು ಕಿತ್ತಳೆಯ ಸಿಪ್ಪೆ ಸಾಲಾಗಿ ಜೋಡಿಸಿ, ಫ್ಯಾನ್ ಹಾಕಿ ಕೂತಿದ್ದರು. ಪಕ್ಕದಲ್ಲಿ ಆ ಬಿಳಿ ಕಪ್. "ಹಣ್ಣು ನಾನು ತಿಂದಾಯ್ತು. ನಾರು ನೀನೇ ಕೆರ್ಕೋ, ನನ್ನ ಕೈಲಾಗಲ್ಲ" ಎಂದರು.