ಅಗ್ಗದ ಚುಚ್ಚುಮದ್ದು ಬರುವ ದಿನವನ್ನು ಹುಡುಕಲು ನಾನು ಕಲಿತ ಬಗೆ

ಗೋಣಿಕೊಪ್ಪಲಿನಲ್ಲಿ ಔಷಧಿ ಅಂಗಡಿ ನಡೆಸುವ ನಾನು ಪೇಟೆಂಟ್ ಎಂಬುದು ವಕೀಲರಿಗೆ ಸೇರಿದ ವಿಷಯವೆಂದೇ ತಿಳಿದಿದ್ದೆ. 2017ರ ಕೊನೆಯಲ್ಲಿ ಕಾಫಿ ಬೆಳೆಗಾರರೊಬ್ಬರು, ಮಗನ ಬೆನ್ನುಮೂಳೆಯ ಸಂಧಿವಾತಕ್ಕೆ ವೈದ್ಯರು ಅಡಾಲಿಮುಮ್ಯಾಬ್ ಎಂಬ ಚುಚ್ಚುಮದ್ದು ಬರೆದಿದ್ದ ಚೀಟಿ ಹಿಡಿದು ಬಂದು, ಇದರ ಅಗ್ಗದ ರೂಪ ಯಾವಾಗ ಸಿಗುತ್ತದೆಂದು ಕೇಳಿದರು. ಮೂಲ ತಯಾರಕರಾದ ಅಬ್‌ವೀ ಕಂಪನಿಗೂ ಅದನ್ನೇ ಹೋಲುವ ಔಷಧ ತಯಾರಿಸಿದ್ದ ಆಮ್ಜೆನ್ ಕಂಪನಿಗೂ ಪೇಟೆಂಟ್ ವಿಷಯದಲ್ಲಿ ಆಗಷ್ಟೇ ಆಗಿದ್ದ ರಾಜಿಯ ಸುದ್ದಿಯನ್ನು ಓದಿದ್ದ ನಾನು, 2023ರ ಜನವರಿಯವರೆಗೆ ಕಾಯಬೇಕಾಗುತ್ತದೆ ಎಂದುಬಿಟ್ಟೆ. ಅವರು ನಂಬಿದರು. ಮೂರು ತಿಂಗಳ ಬಳಿಕ ವಿತರಕರ ದರಪಟ್ಟಿಯಲ್ಲಿ ಝೈಡಸ್ ಸಂಸ್ಥೆಯ ಎಕ್ಸೆಂಪ್ಷಿಯಾ ಕಣ್ಣಿಗೆ ಬಿತ್ತು. ಅದೇ ಔಷಧದ ಆ ಬಯೋಸಿಮಿಲರ್, ಅಂದರೆ ಮೂಲ ಔಷಧವನ್ನು ಹೋಲುವಂತೆ ಬೇರೆ ಕಂಪನಿ ತಯಾರಿಸಿದ ರೂಪ, ನಮ್ಮ ದೇಶದಲ್ಲಿ 2014ರ ಡಿಸೆಂಬರ್‌ನಲ್ಲೇ ಬಿಡುಗಡೆಯಾಗಿತ್ತು. ಆ ಹುಡುಗ ಮೂರು ತಿಂಗಳು ಹೆಚ್ಚಿಗೆ ನೋವು ತಿಂದದ್ದು ನನ್ನ ಮಾತಿನಿಂದ. ಮರುದಿನವೇ ಅವರ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ, ವೈದ್ಯರೂ ಒಪ್ಪಿ ಅದನ್ನೇ ಆರಂಭಿಸಿದರು.

ನಾನು ಓದಿದ್ದ ಸುದ್ದಿ ಸುಳ್ಳಾಗಿರಲಿಲ್ಲ, ಆದರೆ ಅದು ಅಮೆರಿಕದ್ದಾಗಿತ್ತು. ಅಡಾಲಿಮುಮ್ಯಾಬ್‌ನಂಥ ಬಯೋಲಾಜಿಕ್ ಔಷಧವು ಜೀವಂತ ಕೋಶಗಳಲ್ಲಿ ತಯಾರಾಗುವುದರಿಂದ ಅಣುವಿಗೆ ಮಾತ್ರವಲ್ಲದೆ ಕೋಶ ಬೆಳೆಸುವ ವಿಧಾನ, ಶುದ್ಧೀಕರಣ, ದ್ರಾವಣದ ಮಿಶ್ರಣ, ಯಾವ ಕಾಯಿಲೆಗೆ ಎಷ್ಟು ಕೊಡಬೇಕೆಂಬುದು, ಹೀಗೆ ಪ್ರತಿಯೊಂದಕ್ಕೂ ಪೇಟೆಂಟ್ ಕೇಳಲು ಅಲ್ಲಿ ಅವಕಾಶವಿದೆ. ಅಡಾಲಿಮುಮ್ಯಾಬ್‌ನ ಮುಖ್ಯ ಪೇಟೆಂಟ್ ಅಮೆರಿಕದಲ್ಲಿ 2016ರಲ್ಲೇ ಮುಗಿದಿದ್ದರೂ ಅದರ ಸುತ್ತ ನೂರಕ್ಕೂ ಹೆಚ್ಚು ಪೇಟೆಂಟ್‌ಗಳಿದ್ದವು. ಹೀಗಾಗಿ 2016ರ ಸೆಪ್ಟೆಂಬರ್‌ನಲ್ಲಿ ಅನುಮತಿ ಪಡೆದ ಆಮ್ಜೆನ್‌ನ ಔಷಧ 2023ರ ಜನವರಿಯವರೆಗೆ ಅಲ್ಲಿನ ಅಂಗಡಿ ಸೇರಲಿಲ್ಲ. ಯುರೋಪಿನಲ್ಲಿ ಮಾತ್ರ 2018ರ ಅಕ್ಟೋಬರ್‌ನಲ್ಲೇ ಬಂತು. ಭಾರತದಲ್ಲಾದರೋ 2005ಕ್ಕೆ ಮೊದಲು ಔಷಧ ವಸ್ತುವಿಗೆ ಪೇಟೆಂಟ್ ಕೊಡುತ್ತಿರಲಿಲ್ಲ, ಚಿಕಿತ್ಸೆಯ ವಿಧಾನಕ್ಕೆ ಇಂದಿಗೂ ಕೊಡುವುದಿಲ್ಲ. ನಮ್ಮ ಪೇಟೆಂಟ್ ಕಾಯ್ದೆಯ 3(ಡಿ) ಕಲಮಿನಂತೆ, ತಿಳಿದ ವಸ್ತುವಿನ ಹೊಸ ರೂಪಕ್ಕೆ ಪರಿಣಾಮ ಹೆಚ್ಚಿದ್ದರೆ ಮಾತ್ರ ಪೇಟೆಂಟ್ ಸಿಗುತ್ತದೆ. ರೋಗಿಗಳ ಪಾಲಿಗೆ ಈ ಕಲಮು ದೊಡ್ಡ ಆಸರೆಯೆಂದು ನಾನು ನಂಬುತ್ತೇನೆ.

ಅಂದಿನಿಂದ ಯಾರೇ ಕೇಳಿದರೂ ಮೊದಲು ಭಾರತೀಯ ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ, ಬ್ರ್ಯಾಂಡ್ ಹೆಸರನ್ನು ಬಿಟ್ಟು, ಔಷಧದ ಮೂಲ ಹೆಸರು ಮತ್ತು ಕಂಪನಿಯ ಹೆಸರಿನಿಂದ ಹುಡುಕುತ್ತೇನೆ. ಸಿಕ್ಕ ಪ್ರತಿ ಅರ್ಜಿಯೂ ಮಂಜೂರಾಗಿದೆಯೇ, ವಾರ್ಷಿಕ ಶುಲ್ಕ ಕಟ್ಟಿದ್ದಾರೆಯೇ ಎಂದು ನೋಡುತ್ತೇನೆ, ಏಕೆಂದರೆ ಶುಲ್ಕ ನಿಂತರೆ ಪೇಟೆಂಟೂ ನಿಲ್ಲುತ್ತದೆ. ಪೇಟೆಂಟ್ ಅವಧಿಯಾದ ಇಪ್ಪತ್ತು ವರ್ಷಗಳನ್ನು, ಹಲವು ದೇಶಗಳಿಗಾಗಿ ಒಟ್ಟಿಗೆ ಹಾಕುವ ಅಂತರರಾಷ್ಟ್ರೀಯ ಅರ್ಜಿ ಸಲ್ಲಿಸಿದ ದಿನದಿಂದ ಎಣಿಸಬೇಕು. ಅದು ಭಾರತಕ್ಕೆ ಬಂದ ದಿನದಿಂದ ಎಣಿಸಿ ಒಮ್ಮೆ ಲೆಕ್ಕ ತಪ್ಪಿದ್ದೆ.

ಪೇಟೆಂಟ್ ಇಲ್ಲವಾದರೂ ತಕರಾರು ಮುಗಿಯುತ್ತದೆಂದಲ್ಲ. ಸ್ತನ ಕ್ಯಾನ್ಸರಿಗೆ ಕೊಡುವ ಟ್ರಾಸ್ಟುಜುಮ್ಯಾಬ್ ಔಷಧದ ಮೇಲಿನ ಭಾರತೀಯ ಪೇಟೆಂಟನ್ನು ಅದರ ಮೂಲ ಕಂಪನಿ ರೋಶ್ 2013ರಲ್ಲಿ ಕೈಬಿಟ್ಟಿತು. ಬೆಂಗಳೂರಿನ ಬಯೋಕಾನ್ ಅದರ ಬಯೋಸಿಮಿಲರ್ ಅನ್ನು 2014ರ ಆರಂಭದಲ್ಲಿ ತಂದಾಗ, ಅನುಮತಿ ಮತ್ತು ಲೇಬಲ್ಲಿನ ವಿಷಯವಾಗಿ ರೋಶ್ ದೆಹಲಿ ಹೈಕೋರ್ಟಿಗೆ ಹೋಯಿತು. ಆದ್ದರಿಂದ ಪೇಟೆಂಟ್ ಕಡತ ನೋಡಿದ ಮೇಲೂ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಅನುಮತಿ ಇದೆಯೇ ಎಂದು ವಿಚಾರಿಸಿ, ವಿತರಕರಿಗೆ ಫೋನ್ ಮಾಡಿ, ಆಮೇಲಷ್ಟೇ ಗ್ರಾಹಕರಿಗೆ ಉತ್ತರ ಹೇಳುತ್ತೇನೆ.